ನಾಲ್ಕು ಪೆನ್ನಿಯ ಛತ್ರ

ಲಂಡನ್ನಿನಿಂದ ರಾಚೆಸ್ಟರ್‌ಗೆ ರೈಲಿನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಗಂಟೆ. ನನ್ನ ಜೊತೆ ಇಳಿದವರೆಲ್ಲ ಕೋಟೆ, ಕಥೀಡ್ರಲ್ ಅಂತ ಹೊರಟರು. ನಾನು ಹೈ ಸ್ಟ್ರೀಟಿನಲ್ಲಿ ಒಂದು ಮನೆ ಹುಡುಕುತ್ತಿದ್ದೆ. ಎರಡು ಸಲ ಅದರ ಮುಂದೆಯೇ ಹೋಗಿ ಬಂದೆ, ಗೊತ್ತೇ ಆಗಲಿಲ್ಲ. ಮಳೆ ಬೇರೆ.

ಗೋಡೆಯ ಮೇಲಿನ ಬರಹ ಕಣ್ಣಿಗೆ ಬಿದ್ದಾಗ ಖಾತ್ರಿಯಾಯಿತು. ರಿಚರ್ಡ್ ವಾಟ್ಸ್ ಎಂಬುವನು 1579ರಲ್ಲಿ ಬರೆದ ಉಯಿಲಿನಂತೆ ಆರು ಮಂದಿ ಬಡ ದಾರಿಹೋಕರಿಗೆ ಒಂದು ರಾತ್ರಿ ಪುಕ್ಕಟೆ ವಸತಿ, ಉಪಚಾರ, ತಲೆಗೆ ನಾಲ್ಕು ಪೆನ್ನಿ. ಬಂದವನು ಪೋಕರಿಯಾಗಿರಬಾರದು, ಪ್ರಾಕ್ಟರೂ ಆಗಿರಬಾರದು. ಪ್ರಾಕ್ಟರ್ ಅಂದರೆ ಸನ್ನದು ಹಿಡಿದು ಭಿಕ್ಷೆ ಎತ್ತುವವನು ಅಂತ ಕೆಲವರು ಅರ್ಥ ಹೇಳುತ್ತಾರೆ. ನಮ್ಮ ಭಾಷೆಯಲ್ಲಿ ಹೇಳಿದರೆ ಇದೊಂದು ಛತ್ರ, ಅಷ್ಟೇ.

ನನ್ನನ್ನು ಇಲ್ಲಿಗೆ ಎಳೆದು ತಂದವನು ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್. 1854ರ ಕ್ರಿಸ್‌ಮಸ್‌ಗೆ ತನ್ನ ವಾರಪತ್ರಿಕೆಯಲ್ಲಿ 'ಏಳು ಬಡ ಪ್ರಯಾಣಿಕರು' ಅಂತ ಕಥೆ ಬರೆದ. ಇರುವವರು ಆರು, ಏಳನೆಯವನು ಕಥೆ ಹೇಳುವವನೇ. ಅವನು ಮನೆ ನೋಡಿಕೊಳ್ಳುವ ಹೆಂಗಸನ್ನು ಮಾತಿಗೆಳೆಯುತ್ತಾನೆ. ನಾಲ್ಕು ಪೆನ್ನಿಗೆ ಏನು ಬರುತ್ತದೆ, ಎಲ್ಲ ತುಟ್ಟಿ ಅನ್ನುವಂಥ ಮಾತು ಬರುತ್ತದೆ. 1579ರ ನಾಲ್ಕು ಪೆನ್ನಿ 1854ರಲ್ಲೂ ನಾಲ್ಕೇ ಪೆನ್ನಿ! ಆದರೆ ವಾಟ್ಸ್ ಬಿಟ್ಟುಹೋದ ಆಸ್ತಿಯ ಆದಾಯ ಮಾತ್ರ ಬೆಳೆಯುತ್ತಲೇ ಬಂದಿತ್ತು. ಕಥೆಯ ಲೆಕ್ಕದಲ್ಲಿ ಅದರ ಮೂವತ್ತರಲ್ಲಿ ಒಂದು ಪಾಲು ಬಡವರಿಗೆ. ಉಳಿದದ್ದು ಕೋರ್ಟು, ವಕೀಲರು, ವಸೂಲಿ, ಆಡಳಿತದ ಖರ್ಚು. ಆರು ಬಡವರಿಗೆ ಎಷ್ಟೊಂದು ಮರ್ಯಾದೆ ಅಂತ ಡಿಕನ್ಸ್ ಕುಟುಕುತ್ತಾನೆ.

ಒಳಗೆ ಹಿಂಭಾಗದಲ್ಲಿ ಮಲಗುವ ಕೋಣೆಗಳಿವೆ. ತಲೆ ಬಗ್ಗಿಸಿಯೇ ನುಗ್ಗಬೇಕು. ಒಂದು ಮಂಚ, ಮೇಲೆ ಮರದ ತೊಲೆ. ಬ್ಯಾಗ್ ಇಳಿಸಿದರೆ ಕಾಲಿಡಲು ಜಾಗವಿಲ್ಲ. ದಿನವಿಡೀ ನಡೆದು ಬಂದವನಿಗೆ ಇದೇ ಅರಮನೆ ಇದ್ದೀತು. ಆದರೆ ಬೆಳಗಾದರೆ ಮತ್ತೆ ದಾರಿಗೆ. ಎರಡನೆಯ ರಾತ್ರಿಯ ಮಾತೇ ಇಲ್ಲ. ಈ ಪದ್ಧತಿ 1940ರವರೆಗೂ ನಡೆಯಿತಂತೆ.

ಡಿಕನ್ಸ್ ಬಗ್ಗೆ ನನಗೊಂದು ತಕರಾರಿದೆ. ಕಥೆಯಲ್ಲಿ ಅವನೂ ಒಂದೇ ರಾತ್ರಿಯ ದಾನಿ. ಹೋಟೆಲಿನಲ್ಲಿ ಟರ್ಕಿ ಕೋಳಿ, ದನದ ಮಾಂಸ ಬೇಯಿಸಿ, ಬಿಸಿ ಪಾನೀಯದ ಹೂಜಿ ಹಿಡಿದು, ಬೀದಿಯುದ್ದಕ್ಕೂ ಮೆರವಣಿಗೆಯಲ್ಲಿ ಊಟ ತಂದು ಆರು ಮಂದಿಗೆ ಬಡಿಸುತ್ತಾನೆ. ಸಾಸ್‌ನವಳು, ತಟ್ಟೆ ಹೊತ್ತ ಹುಡುಗ, ಹಲ್ಲು ಕಿಸಿಯುತ್ತಾ ಬರುವ ಕುದುರೆ ಲಾಯದವನು, ಎಲ್ಲ ಇದ್ದಾರೆ. ಓದುವಾಗ ಮನಸ್ಸು ಬೆಚ್ಚಗಾಗುತ್ತದೆ, ನಿಜ. ಮರುದಿನ ಬೆಳಿಗ್ಗೆ ಎಲ್ಲರೂ ಚದುರಿಹೋಗುತ್ತಾರೆ. ನಾಲ್ಕು ಪೆನ್ನಿ ನಾಲ್ಕೇ ಆಗಿ ಉಳಿಯುತ್ತದೆ.

ಹಾಗಂತ ಅವನನ್ನು ಸುಮ್ನೆ ದೂರುವುದೂ ತಪ್ಪು. ಅಪ್ಪ ಸಾಲಕ್ಕೆ ಜೈಲು ಸೇರಿದ್ದನ್ನು, ತಾನು 12ರ ವಯಸ್ಸಿನಲ್ಲಿ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ದುಡಿದದ್ದನ್ನು ಮರೆತವನಲ್ಲ. ಅವನ 'ಎ ಕ್ರಿಸ್‌ಮಸ್ ಕ್ಯಾರಲ್' ಕಥೆಯ ಜಿಪುಣ ಸ್ಕ್ರೂಜ್ ಬಡವರಿಗಾಗಿ ಚಂದಾ ಕೇಳಲು ಬಂದವರಿಗೆ 'ಜೈಲುಗಳಿಲ್ಲವೇ?' ಅಂತ ಕೇಳುತ್ತಾನಲ್ಲ, ಅದು ಆಗಿನ ದೊಡ್ಡವರ ಬಾಯಿಯ ಮಾತೇ. 1834ರ ಬಡವರ ಕಾನೂನಿನ ನಂತರ ಸಹಾಯ ಬೇಕೆಂದವರಿಗೆ ವರ್ಕ್‌ಹೌಸ್, ಅಂದರೆ ಬಡವರನ್ನು ಇಟ್ಟುಕೊಂಡು ದುಡಿಸುವ ಮನೆ, ತೋರಿಸುವುದೇ ರೂಢಿಯಾಗಿತ್ತು. ಬೀದಿಗೆ ಬಿದ್ದ ಹೆಂಗಸರಿಗಾಗಿ ಆಂಜೆಲಾ ಬರ್ಡೆಟ್-ಕೂಟ್ಸ್ ಎಂಬ ಶ್ರೀಮಂತೆಯ ದುಡ್ಡಿನಲ್ಲಿ 1847ರಲ್ಲಿ ಶುರುವಾದ ಆಶ್ರಮದ ಉಸ್ತುವಾರಿಯನ್ನು ಅವನು ವರ್ಷಗಟ್ಟಲೆ ನೋಡಿಕೊಂಡ. ಅದು ಒಂದು ರಾತ್ರಿಯ ಕೆಲಸ ಅಲ್ವಲ್ಲ.

ಹೊರಗೆ ಬಂದಾಗ ಮಳೆ ನಿಂತಿತ್ತು. ಅದೇ ಬೀದಿಯಲ್ಲಿ ಸೇತುವೆಯ ಕಡೆಗೆ ಒಂದು ಹಳೇ ಹೋಟೆಲಿದೆ. ಅದರ ಬಾಗಿಲಿನಿಂದ ಛತ್ರದವರೆಗೆ, ಕೈಯಲ್ಲಿ ಬಿಸಿ ಹೂಜಿ ಇದೆ ಅಂದುಕೊಂಡು ನಡೆದು ನೋಡಿದೆ. ಐದು ನಿಮಿಷವೂ ಆಗಲಿಲ್ಲ. ಕೋಳಿ ಆರುತ್ತಿರಲಿಲ್ಲ.