ರಾಣಿ ಫೂ ಹಾವೊಳ ಹೆರಿಗೆ

ಚೀನೀ ಭಾಷೆ ಅಂದ ಕೂಡಲೇ ನನಗೆ ನೆನಪಾಗುವುದು ಒಬ್ಬ ಬಸುರಿ ರಾಣಿ. ಹೆಸರು ಫೂ ಹಾವೊ. ಕ್ರಿ.ಪೂ. 1200ರ ಸುಮಾರಿಗೆ ಆಳುತ್ತಿದ್ದ ಶಾಂಗ್ ವಂಶದ ಅರಸ ವೂ ಡಿಂಗ್‌ನ ಹೆಂಡತಿಯರಲ್ಲಿ ಒಬ್ಬಳು. ದಿನ ಹತ್ತಿರವಾಗುತ್ತಿತ್ತು. ಹೆರಿಗೆ ಸುಸೂತ್ರವಾಗಿ ಆದೀತೇ ಎಂದು ಅರಮನೆಯವರು ಶಕುನ ಕೇಳಿದರು. ಆಮೆಯ ಹೊಟ್ಟೆಚಿಪ್ಪಿನ ಒಳಬದಿಯಲ್ಲಿ ಸಣ್ಣ ಸಣ್ಣ ಕುಳಿ ಕೊರೆದು ಕಾವು ತಾಗಿಸಿದರೆ ಇನ್ನೊಂದು ಬದಿಯಲ್ಲಿ ಬಿರುಕು ಬಿಡುತ್ತದೆ, ಅದೇ ಉತ್ತರ. ಬಿರುಕು ನೋಡಿ ಅರಸ ಹೇಳಿದ: ಡಿಂಗ್ ದಿನ ಹೆತ್ತರೆ ಒಳ್ಳೆಯದು, ಗೆಂಗ್ ದಿನವಾದರೆ ಬಹಳ ಶುಭ. (ನಮ್ಮ ಸೋಮವಾರ, ಮಂಗಳವಾರಗಳಂತೆ ಇವು ಅವರ ದಿನಗಳ ಹೆಸರು.) 31 ದಿನ ಕಳೆದ ಮೇಲೆ, ಆ ಎರಡೂ ಅಲ್ಲದ ಜಿಯಾಯಿನ್ ದಿನ, ಹೆರಿಗೆಯಾಯಿತು. ಅದನ್ನೂ ಅದೇ ಚಿಪ್ಪಿನ ಮೇಲೆ ಕೆತ್ತಿದ್ದಾರೆ: ಒಳ್ಳೆಯದಾಗಲಿಲ್ಲ, ಹೆಣ್ಣು.

ಆ ಕೊನೆಯ ಮಾತು ಪ್ರತಿ ಸಲವೂ ನನ್ನ ಕರುಳು ಹಿಂಡುತ್ತದೆ. ಹೀಗೆ ಬರೆಸಿಕೊಂಡವಳು ಸಾಮಾನ್ಯಳಲ್ಲ, ದಂಡು ನಡೆಸಿದವಳು. ಅವಳ ಒಂದು ದಂಡಯಾತ್ರೆಗೆ 13,000 ಜನ ಸೇರಿದ್ದರೆಂದು ಇನ್ನೊಂದು ಬರಹ ಹೇಳುತ್ತದೆ. 1976ರಲ್ಲಿ ಚೀನಾದ ಅನ್ಯಾಂಗ್‌ನಲ್ಲಿ ಅವಳ ಸಮಾಧಿ ಸಿಕ್ಕಿತು. ಕಳ್ಳರ ಕೈ ಸೋಕಿರಲಿಲ್ಲ. ಕಂಚಿನ ಪಾತ್ರೆಗಳ ಮೇಲೆ ಅವಳದೇ ಹೆಸರು, ಜೊತೆಗೆ ಭಾರಿ ಗಾತ್ರದ ಯುದ್ಧಗೊಡಲಿಗಳು.

ಹೀಗೆ ಶಕುನ ಕೇಳಿ ಬರಹ ಕೆತ್ತಿದ ಮೂಳೆ, ಚಿಪ್ಪುಗಳನ್ನು ಚೀನಾದ ಔಷಧಿ ಅಂಗಡಿಗಳಲ್ಲಿ 'ಡ್ರ್ಯಾಗನ್ ಮೂಳೆ' ಎಂದು ಮಾರುತ್ತಿದ್ದರು. ಜನ ಪುಡಿ ಮಾಡಿ ನುಂಗುತ್ತಿದ್ದರು. 1899ರಲ್ಲಿ ಬೀಜಿಂಗ್‌ನ ವಿದ್ವಾಂಸ ವಾಂಗ್ ಯಿರಾಂಗ್ ಇದು ಪುರಾತನ ಬರಹ ಎಂದು ಗುರುತಿಸಿದರು. ಅವರಿಗೆ ನಾನು ಮನಸ್ಸಿನಲ್ಲೇ ಕೈಮುಗಿಯುತ್ತೇನೆ. 1917ರಲ್ಲಿ ಇನ್ನೊಬ್ಬ ವಿದ್ವಾಂಸ ವಾಂಗ್ ಗುವೊವೈ ಈ ಬರಹಗಳಲ್ಲಿನ ಅರಸರ ಹೆಸರುಗಳನ್ನು ಇತಿಹಾಸಕಾರ ಸಿಮಾ ಚಿಯನ್‌ನ ಪಟ್ಟಿಯೊಂದಿಗೆ ಹೋಲಿಸಿದರು. ಶಾಂಗ್ ಅರಸರು ಅಳಿದು ಸುಮಾರು ಸಾವಿರ ವರ್ಷದ ಮೇಲೆ ಬರೆದ ಪಟ್ಟಿ ಅದು. ಬಹುಪಾಲು ತಾಳೆಯಾಯಿತು! ಇತಿಹಾಸ ಪಾಠ ಮಾಡುವ ನನಗೆ ಇದಕ್ಕಿಂತ ರೋಮಾಂಚನ ಬೇರೆ ಬೇಕಿಲ್ಲ.

ಒಂಬತ್ತನೇ ತರಗತಿಯಲ್ಲಿ ಚಿಪ್ಪಿನ ಮೇಲಿನ ಕುದುರೆ ಅಕ್ಷರವನ್ನು ಬೋರ್ಡಿನ ಮೇಲೆ ಬರೆದೆ. ನಿಂತ ಹಾಗೆ ಬರೆದ ಮೈ, ಕತ್ತಿನ ಕೂದಲಿಗೆ ಗೀಟುಗಳು, ಕಾಲು, ಬಾಲ. ಮಕ್ಕಳು ಎಮ್ಮೆ, ನಾಯಿ ಅನ್ನುತ್ತಾ ಕುದುರೆಗೆ ಬಂದರು. ಪಕ್ಕದಲ್ಲಿ ತೈವಾನಿನವರು ಇಂದಿಗೂ ಬರೆಯುವ ರೂಪ ಬರೆದೆ. ಗೀಟುಗಳು ಅಲ್ಲೇ ಇದ್ದವು. ಕಾಲು, ಬಾಲ ಯಾವುದೆಂದು ಮಕ್ಕಳೇ ಎದ್ದು ಬಂದು ತೋರಿಸಿದರು. ಈ ಮೂಳೆ, ಚಿಪ್ಪುಗಳ ಮೇಲೆ ಸುಮಾರು 4,500 ಬೇರೆ ಬೇರೆ ಅಕ್ಷರಗಳು ಸಿಕ್ಕಿದ್ದು, ಓದಲು ಆಗಿರುವುದು ಮೂರರಲ್ಲೊಂದು ಪಾಲು ಮಾತ್ರ. ಹೊಸದೊಂದನ್ನು ಪುರಾವೆ ಸಮೇತ ಓದಿದವರಿಗೆ ಒಂದು ಲಕ್ಷ ಯುವಾನ್ ಕೊಡುವುದಾಗಿ ಅನ್ಯಾಂಗ್‌ನ ಚೀನೀ ಲಿಪಿ ವಸ್ತುಸಂಗ್ರಹಾಲಯ 2016ರಲ್ಲಿ ಸಾರಿತ್ತು. ಅದನ್ನು ಹೇಳಿದ್ದೇ ತಡ, ಉಳಿದ ಅಕ್ಷರಗಳನ್ನೂ ಬರೆಯಿರಿ ಮಿಸ್ ಎಂದು ಹಿಂದಿನ ಬೆಂಚಿನವರು ಪಟ್ಟು ಹಿಡಿದರು.