ರಾಕ್‌ಫೆಲರ್ ದುಡ್ಡು, ಲಡ್ಲೋ, ಕ್ಯಾಸನೂರು

ರಾಕ್‌ಫೆಲರ್ ಮನೆತನದ ಬಗ್ಗೆ ಓದುತ್ತಿದ್ದೇನೆ. ಅವರ ತೈಲ ಕಂಪನಿ ಸ್ಟ್ಯಾಂಡರ್ಡ್ ಆಯಿಲ್ ಎಷ್ಟು ಬೆಳೆದಿತ್ತೆಂದರೆ, 1911ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಅದನ್ನು ಒಡೆಯಬೇಕಾಯಿತು. 1913ರಲ್ಲಿ ಅವರ ದಾನದ ಸಂಸ್ಥೆ ರಾಕ್‌ಫೆಲರ್ ಫೌಂಡೇಶನ್ ಹುಟ್ಟಿತು. ಅದೇ ವರ್ಷ ಅಮೆರಿಕದ ಕೊಲೊರಾಡೋದಲ್ಲಿ ಅವರದೇ ಹಿಡಿತದ ಕಲ್ಲಿದ್ದಲು ಕಂಪನಿಯಲ್ಲಿ ಮುಷ್ಕರ ಶುರುವಾಯಿತು. ಮರುವರ್ಷ ಅಲ್ಲಿನ ಲಡ್ಲೋದಲ್ಲಿ ಮುಷ್ಕರ ಹೂಡಿದ್ದ ಕಾರ್ಮಿಕರ ಡೇರೆಗಳಿಗೆ ಬೆಂಕಿ ಬಿತ್ತು. ಗುಂಡಿನ ದಾಳಿಗೆ ಹೆದರಿ ಡೇರೆಯಡಿಯ ಕುಳಿಯಲ್ಲಿ ಅಡಗಿದ್ದ 11 ಮಕ್ಕಳು, ಇಬ್ಬರು ಹೆಂಗಸರು ಅಲ್ಲೇ ಸತ್ತರು. ಎಷ್ಟು ದಾನ ಮಾಡಿದರೂ ಇದು ಚುಕ್ತಾ ಆಗುವ ಲೆಕ್ಕವಲ್ಲ, ಅಲ್ವಾ?

ಆದರೆ ಅದೇ ಫೌಂಡೇಶನ್ ನೆರವಿನಿಂದ 1952ರಲ್ಲಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ಶುರುವಾಯಿತು. 1957ರಲ್ಲಿ ನಮ್ಮ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ ವೈರಸ್ ಪತ್ತೆ ಮಾಡಿದ್ದು ಅಲ್ಲಿಯವರೇ. ಮಲೆನಾಡಿನವಳಾಗಿ ಅವರಿಗೆ ನಾನು ಋಣಿ. ಆ ವೈರಸ್‌ನಿಂದ ಮನುಷ್ಯರಿಗೂ ಬರುವ ಮಂಗನ ಕಾಯಿಲೆ ಈಗಲೂ ಹೋಗಿಲ್ಲ; ಅದು ಹರಡುವುದು ಉಣುಗಿನಿಂದ (ಉಣ್ಣೆ). ಸೌದೆಗೆ, ದರಕಿಗೆ (ತರಗೆಲೆಗೆ) ಕಾಡಿಗೆ ಹೋಗುವವರು ಉಣುಗು ಕಚ್ಚದ ಹಾಗೆ ಉಣುಗು ನಿವಾರಕ ಎಣ್ಣೆ ಹಚ್ಚಿಕೊಂಡೇ ಹೋಗಿ.