ಕ್ತೋ ಪೋಸ್ಲೆದ್ನಿ?

ನಾನು ಓದಲು ಮಾಸ್ಕೋಗೆ ಹೋದದ್ದು 1987ರಲ್ಲಿ. ತರಗತಿ ಶುರುವಾಗುವ ಮೊದಲೇ ಅಂಗಡಿಯಲ್ಲಿ ಕಲಿತ ರಷ್ಯನ್ ಮಾತು ಇದು: 'ಕ್ತೋ ಪೋಸ್ಲೆದ್ನಿ?' ಕೊನೆಯವರು ಯಾರು ಅಂತ ಅರ್ಥ.

ಸಾಲು ಕಂಡರೆ ಹಾಗೆ ಕೇಳಬೇಕು. ಯಾರಾದರೂ 'ನಾನು' ಅನ್ನುತ್ತಾರೆ. 'ನಿಮ್ಮ ಹಿಂದೆ ನಾನು' ಅಂದರೆ ಜಾಗ ಗಟ್ಟಿ. ಆಮೇಲೆ ಪಕ್ಕದ ಬೀದಿಯ ಇನ್ನೊಂದು ಸಾಲಿಗೂ ಹೋಗಿಬರಬಹುದು. ಅರ್ಧ ಗಂಟೆ ಬಿಟ್ಟು ಬಂದರೂ ಹಿಂದಿನವರು ಒಳಗೆ ಬಿಟ್ಟುಕೊಳ್ಳುತ್ತಿದ್ದರು. ನನಗೆ ಆ ನಂಬಿಕೆ ತುಂಬಾ ಇಷ್ಟವಾಗಿತ್ತು.

ಒಂದು ತುಂಡು ಚೀಸ್‌ಗೆ ಮೂರು ಸಾಲು. ತೂಕ ಹಾಕಿಸಲು ಒಂದು, ದುಡ್ಡು ಕಟ್ಟಲು ಒಂದು, ರಸೀದಿ ತೋರಿಸಿ ಪೊಟ್ಟಣ ಪಡೆಯಲು ಇನ್ನೊಂದು. ಲೆಕ್ಕವೆಲ್ಲ ಮರದ ಮಣಿಚೌಕಟ್ಟಿನಲ್ಲಿ, ಟಕಟಕ ಅಂತ. ಮೆಟ್ರೋ ಮಾತ್ರ ಸಲೀಸು. 5 ಕೊಪೆಕ್ ನಾಣ್ಯ ಹಾಕಿದರೆ ಊರೆಲ್ಲ ಸುತ್ತಬಹುದಿತ್ತು.

ಹಾಸ್ಟೆಲ್ ಬಾಗಿಲು ಕಾಯುತ್ತಿದ್ದ ಅಜ್ಜಿ ನನಗೊಂದು ಬಲೆ ಚೀಲ ಕೊಟ್ಟಿದ್ದರು, ಅವೋಸ್ಕಾ. 'ಅವೋಸ್' ಅಂದರೆ 'ಸಿಕ್ಕರೂ ಸಿಗಬಹುದು'. 'ಯಾವಾಗಲೂ ಜೇಬಲ್ಲಿರಲಿ, ಸಿನೋಕ್' ಅಂದಿದ್ದರು. ಸಿನೋಕ್ ಅಂದರೆ ಮಗು, ಮಗನೇ ಅಂತ. ನಾನು ಆನೆ ಚಿತ್ರದ ಭಾರತದ ಚಹಾ ಪೊಟ್ಟಣ ಹುಡುಕಿ ತಂದರೆ ಮುಖ ಅರಳುತ್ತಿತ್ತು. ಸಕ್ಕರೆಯದೇ ಕಷ್ಟ. 1985ರಲ್ಲಿ ಸೋವಿಯತ್ ನಾಯಕ ಗೋರ್ಬಚೋವ್ ಮದ್ಯಕ್ಕೆ ಕಡಿವಾಣ ಹಾಕಿದ ಮೇಲೆ ಜನ ಮನೆಯಲ್ಲೇ ಸಾರಾಯಿ ಕಾಯಿಸತೊಡಗಿದ್ದರು. ಸಕ್ಕರೆಯೆಲ್ಲ ಅದಕ್ಕೇ ಹೋಯಿತು, ಕೊನೆಗೆ ಕೂಪನ್ ಬಂತು. ಬೇಸಿಗೆಯಲ್ಲಿ ಹಣ್ಣು ಇದೆ, ಜಾಮ್ ಮಾಡಲು ಸಕ್ಕರೆ ಇಲ್ಲ ಅಂತ ಅಜ್ಜಿಗೆ ಜಾಸ್ತಿ ಸಂಕಟ.

1991ರ ಜನವರಿ 22. ರಾತ್ರಿ ಟಿವಿ ವಾರ್ತೆಯಲ್ಲಿ ಹೇಳಿದರು: 50 ಮತ್ತು 100 ರೂಬಲ್‌ನ ಹಳೆಯ ನೋಟು ಇನ್ನು ನಡೆಯಲ್ಲ. ಬದಲಾಯಿಸಲು 3 ದಿನ, ಅದಕ್ಕೂ ಮಿತಿ. ಅಜ್ಜಿ ಕುರ್ಚಿಯಿಂದ ಏಳಲೇ ಇಲ್ಲ. ತಾವು ಸತ್ತಾಗ ಮಣ್ಣಿನ ಖರ್ಚಿಗೆ ಅಂತ ವರ್ಷಗಟ್ಟಲೆ ಕೂಡಿಟ್ಟದ್ದೆಲ್ಲ 50ರ ನೋಟುಗಳಲ್ಲೇ ಇತ್ತು.

ಬೆಳಿಗ್ಗೆ ಅವರ ಪಾಳಿ ಮುಗಿದಿರಲಿಲ್ಲ. ನಾನೇ ಹೋಗಿ ಉಳಿತಾಯ ಬ್ಯಾಂಕಿನ ಮುಂದೆ ಹಿಮದಲ್ಲಿ ನಿಂತೆ. 'ಕ್ತೋ ಪೋಸ್ಲೆದ್ನಿ?' ಅಂದಾಗ ಕಂದು ಟೋಪಿಯ ಮುದುಕರೊಬ್ಬರು ತಿರುಗಿ ನೋಡಿದರು. ಮಾತಿಲ್ಲ. ಆ ದಿನ ಯಾರೂ ಜಾಗ ಹೇಳಿ ಬೇರೆಲ್ಲೂ ಹೋಗಲಿಲ್ಲ.

ಮಧ್ಯಾಹ್ನ ಅಜ್ಜಿ ಬಂದರು. 'ಇವರ ಹಿಂದೆ ನೀವು' ಅಂತ ತೋರಿಸಿದೆ. ಕೋಟಿನ ಒಳಗೆ, ಕರವಸ್ತ್ರದಲ್ಲಿ ಸುತ್ತಿದ್ದ ಗಂಟನ್ನು ಒತ್ತಿ ಹಿಡಿದುಕೊಂಡಿದ್ದರು. ಎಷ್ಟು ಬದಲಾಯಿತು ಅಂತ ನಾನು ಕೊನೆಗೂ ಕೇಳಲಿಲ್ಲ.